ಸ್ಪಂಜಿನ ಮೇಲಿನವರು, ಸ್ಪಂಜಿನ ಒಳಗಿನವರು: ಒಂದು ಡ್ರಾಯರ್ ಪಳೆಯುಳಿಕೆಗಳ ಗುರುತಿನ ಕೆಲಸ

ಬೆಂಗಳೂರಿನ ಹಳೆಯ ಕಾಲೇಜೊಂದರ ಭೂವಿಜ್ಞಾನ ವಿಭಾಗದಲ್ಲಿ ಪಾಠಕ್ಕೆಂದು ಇಟ್ಟಿರುವ ಪಳೆಯುಳಿಕೆಗಳ ಪಟ್ಟಿಯನ್ನು ಹೊಸದಾಗಿ ಬರೆಯುವಾಗ ನನ್ನ ಪಾಲಿಗೆ ಸ್ಪಂಜುಗಳ, ಅಂದರೆ ನೀರಿನ ತಳಕ್ಕೆ ಅಂಟಿ ಬದುಕುವ ರಂಧ್ರಮಯ ಪ್ರಾಣಿಗಳ, ಡ್ರಾಯರ್ ಬಂದಿತು. ಅದರ ಚೀಟಿಯಲ್ಲಿ ‘ಫ್ಯಾರಿಂಗ್‌ಡನ್, ಕೆಳ ಕ್ರಿಟೇಶಿಯಸ್’ ಎಂದಷ್ಟೇ ಇತ್ತು. ಸ್ಪಂಜುಗಳಿಗೆ ಹೆಸರು ಹಚ್ಚುವುದು ಕಷ್ಟವಾಗಲಿಲ್ಲ. ಲೋಟದಾಕಾರದವು ರಾಫಿಡೊನೀಮ, ದಪ್ಪ ಕೊಳವೆಗಳು ಗೊಂಚಲಾಗಿ ಕೂಡಿಕೊಂಡು, ಪ್ರತಿ ಕೊಳವೆಯೂ ಒಳಗೆ ಕೋಣೆ ಕೋಣೆಯಾಗಿ ಬೆಳೆದಿರುವವು ಬರೋಯ್ಸಿಯ. ಉಳಿದದ್ದೇ ದೊಡ್ಡ ಕೆಲಸ: ಅವುಗಳ ಮೈಮೇಲೆ ಅಂಟಿಕೊಂಡ, ಗೋಡೆಯೊಳಗೆ ಹುದುಗಿಕೊಂಡ ಸಣ್ಣ ಜೀವಿಗಳು ಯಾವುವು ಎಂದು ಹಿಂದಿನ ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ. ಅವುಗಳನ್ನು ಗುರುತಿಸಿದ ಬಗೆಯನ್ನು, ಕೈಕೊಟ್ಟ ವಿಧಾನಗಳನ್ನೂ ಸೇರಿಸಿ, ಹಂತ ಹಂತವಾಗಿ ಇಲ್ಲಿ ದಾಖಲಿಸಿದ್ದೇನೆ.

ಫ್ಯಾರಿಂಗ್‌ಡನ್ ಇರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ. ಅಲ್ಲಿನ ಸ್ಪಂಜುಜಲ್ಲಿಯ ಪದರ ಆಪ್ಟಿಯನ್ ಕಾಲದ್ದು, ಅಂದರೆ ಸುಮಾರು 11.5 ಕೋಟಿ ವರ್ಷ ಹಳೆಯದು. ಉಬ್ಬರವಿಳಿತದ ಸೆಳೆತ ಬಲವಾಗಿದ್ದ, ಆಳವಿಲ್ಲದ ಸಮುದ್ರದ ಕಾಲುವೆಗಳಲ್ಲಿ ಅದು ಶೇಖರವಾಯಿತು. ಕೆಳಗಿನ ಜುರಾಸಿಕ್ ಶಿಲೆಗಳಿಂದ ಕಿತ್ತುಬಂದ ಇನ್ನೂ ಹಳೆಯ ಪಳೆಯುಳಿಕೆಗಳು ಅದರಲ್ಲಿ ಬೆರೆತಿವೆ ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು. ಮುಂದೆ ಒಂದು ಕಡೆ ಅದು ಉಪಯೋಗಕ್ಕೆ ಬರುತ್ತದೆ. ಹೋಲಿಸಿ ನೋಡಲು ಸ್ಥಳೀಯ ಮಾದರಿಗಳನ್ನು ತರೋಣವೆಂದರೆ ನಮ್ಮ ಊರಿನ ನೆಲದಲ್ಲಿ ಅಂಥದ್ದೇನೂ ಇಲ್ಲ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ ಎಂಬ ರೂಪಾಂತರ ಶಿಲೆ. ಕ್ರಿಟೇಶಿಯಸ್ ಸಮುದ್ರದ ಶಿಲೆಗಳು ಬೇಕೆಂದರೆ ತಮಿಳುನಾಡಿನ ಅರಿಯಲೂರಿನವರೆಗೆ ಹೋಗಬೇಕು.

ಹಂತ 1: ತೊಳೆಯುವ ಮೊದಲು ನೋಡುವುದು

ಮಣ್ಣು ಹಿಡಿದ ಪಳೆಯುಳಿಕೆಯನ್ನು ಕಂಡೊಡನೆ ಎಲ್ಲರ ಕೈಯೂ ಮೊದಲು ಬ್ರಷ್‌ನ ಕಡೆಗೆ ಹೋಗುತ್ತದೆ. ಸ್ಪಂಜುಗಳ ವಿಷಯದಲ್ಲಿ ಇದು ಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಟಿಕೊಂಡ ಜೀವಿಯ ಹೆಸರಿಗಿಂತ ಮೊದಲು ತಿಳಿಯಬೇಕಾದದ್ದು ಆ ಜೀವಿಗೂ ಸ್ಪಂಜಿಗೂ ನಡುವಿನ ಅಂಚು ಹೇಗಿದೆ ಎಂಬುದು. ಅದು ಸ್ಪಂಜಿನ ಮೇಲ್ಮೈಗೆ ಬರಿದೆ ಕಚ್ಚಿಕೊಂಡಿದೆಯೇ, ಸ್ಪಂಜಿನ ಅಸ್ಥಿಪಂಜರದ ತಂತುಗಳನ್ನು ಕಡಿದುಕೊಂಡು ಒಳಗೆ ಹೋಗಿದೆಯೇ, ಅಥವಾ ತಂತುಗಳೇ ಅದರ ಸುತ್ತ ಬಾಗಿ ಬೆಳೆದಿವೆಯೇ? ಮೂರನೆಯದಾದರೆ ಎರಡೂ ಜೊತೆಗೆ ಬದುಕಿದ್ದವು ಎಂದರ್ಥ. ಎರಡನೆಯದಾದರೆ ಕೊರೆತ, ಅದು ಸ್ಪಂಜು ಸತ್ತ ಮೇಲೆ ಆಗಿದ್ದರೂ ಆಗಿರಬಹುದು. ಮೊದಲನೆಯದರಲ್ಲಿ ಬೇರೆ ಆಧಾರ ಸಿಗುವ ತನಕ ಏನನ್ನೂ ಹೇಳುವಂತಿಲ್ಲ. ಈ ಅಂಚು ಕೆಲವೊಮ್ಮೆ ಕೂದಲೆಳೆಯಷ್ಟೇ ಅಗಲವಿರುತ್ತದೆ. ಸೂಜಿಯಿಂದ ಒಮ್ಮೆ ಕೆರೆದರೆ ಮತ್ತೆ ಸಿಗುವುದಿಲ್ಲ.

ಆದ್ದರಿಂದ ಪ್ರತಿಯೊಂದು ಮಾದರಿಯನ್ನೂ ಇದ್ದ ಸ್ಥಿತಿಯಲ್ಲೇ ಆರು ಬದಿಗಳಿಂದ ಚಿತ್ರ ತೆಗೆದು, ಅಂಟಿಕೊಂಡ ಪ್ರತಿಯೊಂದಕ್ಕೂ ಚಿತ್ರದ ಮೇಲೆ ಒಂದು ಅಕ್ಷರ ಕೊಟ್ಟೆ. ಹೊರಮೈ, ಒಳಮೈ, ಬಾಯಂಚು, ಬುಡ ಎಂಬ ನಾಲ್ಕು ಜಾಗಗಳಲ್ಲಿ ಯಾವುದು ಎಂಬುದನ್ನೂ ಆಗಲೇ ಬರೆದಿಟ್ಟೆ.

ಈ ಹಂತದಲ್ಲೇ ಒಂದು ‘ಹುಳುವಿನ ಕೊಳವೆ’ ಪಟ್ಟಿಯಿಂದ ಬಿದ್ದುಹೋಯಿತು. ಲೋಟದ ಬುಡದಿಂದ ಬಾಯಂಚಿನವರೆಗೆ ಅಂಕುಡೊಂಕಾಗಿ ಏರಿದ್ದ, 4 ಮಿ.ಮೀ. ಅಗಲದ ಆ ಕೊಳವೆಗೆ ಒಂದು ಹನಿ ನೀರು ಬಿಟ್ಟರೆ ಕರಗಿ ಕೆಸರಾಯಿತು. ಕಾಲೇಜಿನ ಮರದ ಡ್ರಾಯರ್‌ಗೆ ಹತ್ತಿದ್ದ ಗೆದ್ದಲಿನ ದಾರಿ ಅದು; ಕ್ರಿಟೇಶಿಯಸ್‌ಗೂ ಅದಕ್ಕೂ ಸಂಬಂಧವಿಲ್ಲ. ನೀರಿನ ಹನಿಯ ಪರೀಕ್ಷೆಯನ್ನು ಆಮೇಲೆ ಎಲ್ಲ ಮಣ್ಣುಬಣ್ಣದ ಕೊಳವೆಗಳ ಮೇಲೂ ಮಾಡಿದೆ.

ಹಂತ 2: ಹಳೆಯ ಲೇಪ

ಕೆಲವು ಮಾದರಿಗಳಿಗೆ ಯಾರೋ ಹಿಂದೆ ಹೊಳಪಿನ ಲೇಪ ಹಚ್ಚಿದ್ದರು. ಬಡಗಿಗಳು ಪಾಲಿಶ್‌ಗೆ ಬಳಸುವ ಅರಗು ಇರಬಹುದೆಂದು ಹತ್ತಿಯ ಕಡ್ಡಿಗೆ ಸ್ಪಿರಿಟ್ ಅದ್ದಿ ಉಜ್ಜಿದಾಗ ಹಳದಿ ಬಣ್ಣ ಬಿಟ್ಟಿತು. ಒಂದೆರಡರಲ್ಲಿ ಸ್ಪಿರಿಟ್‌ಗೆ ಜಗ್ಗಲಿಲ್ಲ, ಅಸಿಟೋನ್‌ಗೆ ಬಿಟ್ಟಿತು. ಲೇಪದ ಕೆಳಗಿದ್ದ ಬ್ರಯೋಜೋವ (ಸುಣ್ಣದ ಪುಟ್ಟ ಗೂಡುಗಳಲ್ಲಿ ಗುಂಪಾಗಿ ಬದುಕುವ ಜಲಜೀವಿ) ಹಾಳೆಗಳ ರಂಧ್ರಗಳು ತುಂಬಿಕೊಂಡು ಕಾಣದಂತಾಗಿದ್ದವು. ಲೇಪ ಹೋದ ಮೇಲೆ ಅವೇ ಎದ್ದು ಕಂಡವು. ಉಜ್ಜದೆ, ಅದ್ದಿದ ಹತ್ತಿಯನ್ನು ಒತ್ತಿ ಹಿಡಿದು ಎತ್ತುವುದು ಸರಿಯಾದ ವಿಧಾನ.

ಹಂತ 3: ಶುಚಿ ಮಾಡುವಾಗ ಕೈಕೊಟ್ಟವು

ಅಂತರ್ಜಾಲದಲ್ಲಿ ಪಳೆಯುಳಿಕೆಗೆ ವಿನೆಗರ್ ಹಾಕಿ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಇಲ್ಲಿ ಅದನ್ನು ಮಾಡಲೇಬಾರದು. ಸ್ಪಂಜಿನ ತಂತು, ಬ್ರಯೋಜೋವ, ಹುಳುವಿನ ಕೊಳವೆ, ಸಿಂಪಿ, ಇವೆಲ್ಲವೂ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ. ಆಮ್ಲಕ್ಕೆ ಇವುಗಳಲ್ಲಿ ಬೇಕಾದದ್ದು ಬೇಡವಾದದ್ದು ತಿಳಿಯುವುದಿಲ್ಲ. ಆಮ್ಲವನ್ನು ನಾನು ಬಳಸಿದ್ದು ಒಡೆದ ಅಂಚಿನ ಮೇಲೆ ಒಂದು ಹನಿಯಷ್ಟೇ, ಅದೂ 5 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲ. ನೊರೆ ಬಂದರೆ ಇಂದಿನ ವಸ್ತು ಕ್ಯಾಲ್ಸೈಟ್ ಎಂದು ತಿಳಿಯುತ್ತದೆ, ಅಷ್ಟೇ. ಅದು ಮೂಲತಃ ಸುಣ್ಣದ ಸ್ಪಂಜೇ ಎಂದು ಅದರಿಂದ ಹೇಳಲಾಗದು, ಏಕೆಂದರೆ ಸಿಲಿಕಾ ಸ್ಪಂಜುಗಳ ಅಸ್ಥಿಪಂಜರವೂ ಎಷ್ಟೋ ಕಡೆ ಕ್ಯಾಲ್ಸೈಟ್ ಆಗಿ ಬದಲಾಗಿರುತ್ತದೆ. ಜುರಾಸಿಕ್ ಕಾಲದ ಜರ್ಮನಿಯ ಸ್ಪಂಜುದಿಬ್ಬಗಳಲ್ಲಿ ಇದು ಸಾಮಾನ್ಯ. ತಂತುಗಳು ಲಂಬಕೋನದಲ್ಲಿ ಕೂಡಿದ ಚೌಕಗಳ ಬಲೆಯಾಗಿದ್ದರೆ ಗಾಜಿನ ಸ್ಪಂಜು, ಅಂದರೆ ಮೂಲತಃ ಸಿಲಿಕಾದ್ದು. ನಮ್ಮ ಮಾದರಿಗಳಲ್ಲಿರುವಂತೆ ದಿಕ್ಕಿಲ್ಲದೆ ಹೆಣೆದ ದಪ್ಪ ತಂತುಗಳಾಗಿದ್ದರೆ ಸುಣ್ಣದ ಸ್ಪಂಜು ಇರಬಹುದು.

ಕನ್ನಡಕದ ಅಂಗಡಿಗಳಲ್ಲಿರುವ ಅಲ್ಟ್ರಾಸಾನಿಕ್ ತೊಟ್ಟಿಯನ್ನು ಪ್ರಯತ್ನಿಸೋಣವೆಂದು ಚೀಟಿಯಿಲ್ಲದ ಒಂದು ಒಡಕು ತುಂಡನ್ನು ಅದರಲ್ಲಿ ಮುಳುಗಿಸಿದೆ. ಅರ್ಧ ನಿಮಿಷದಲ್ಲಿ ನೀರು ಕಂದಾಯಿತು. ಒಂದು ನಿಮಿಷ ದಾಟುವಾಗ ಬ್ರಯೋಜೋವ ಹಾಳೆಯ ಅಂಚು ಚಕ್ಕೆಯಾಗಿ ಎದ್ದು ತೊಟ್ಟಿಯ ತಳದಲ್ಲಿ ಬಿದ್ದಿತ್ತು. ಗಟ್ಟಿ ಚಿಪ್ಪುಗಳಿಗೆ ಈ ತೊಟ್ಟಿ ಒಳ್ಳೆಯದು, ಮೇಲೆ ಜೀವಿಗಳಿರುವ ಸ್ಪಂಜಿಗೆ ಅಲ್ಲ. ಕೊನೆಗೆ ಉಳಿದುಕೊಂಡ ವಿಧಾನ ಬಹಳ ಸಾಧಾರಣವಾದದ್ದು: ಬಟ್ಟಿ ಇಳಿಸಿದ ನೀರು, ಮಕ್ಕಳ ಮೃದು ಹಲ್ಲುಜ್ಜುವ ಬ್ರಷ್, ಮುಳ್ಳುಹಂದಿಯ ಮುಳ್ಳು. ಈ ಮುಳ್ಳು ಮನೆಯಲ್ಲಿ ಎಂದಿನಿಂದಲೋ ಇತ್ತು. ಅದು ಕ್ಯಾಲ್ಸೈಟ್‌ಗಿಂತ ಮೃದುವಾದ್ದರಿಂದ ಗೀರು ಬೀಳುವುದಿಲ್ಲ. ಕಬ್ಬಿಣದ ಕಂದು ಕಲೆಯನ್ನು ತೆಗೆಯುವ ಗೋಜಿಗೆ ಹೋಗಲಿಲ್ಲ. ಸಡಿಲವಾದ ಅಂಚುಗಳಿಗೆ ಅಸಿಟೋನ್‌ನಲ್ಲಿ ಕರಗಿಸಿದ 5 ಶೇಕಡಾ ಪ್ಯಾರಲಾಯ್ಡ್ ಬಿ-72 ಎಂಬ ಅಂಟನ್ನು ಒಂದೊಂದೇ ಹನಿ ಬಿಟ್ಟೆ.

ಹಂತ 4: ಬೆಳಕು ಮತ್ತು ಅಳತೆ

ಎಸ್.ಪಿ. ರಸ್ತೆಯಲ್ಲಿ 2,400 ರೂಪಾಯಿಗೆ ಒಂದು ಯುಎಸ್‌ಬಿ ಸೂಕ್ಷ್ಮದರ್ಶಕ ಮತ್ತು 1,500 ರೂಪಾಯಿಗೆ ಅದರ ತೋಳುಸ್ಟ್ಯಾಂಡ್ ಕೊಂಡೆ. ಡಬ್ಬದ ಮೇಲೆ 1000 ಪಟ್ಟು ಎಂದು ಬರೆದಿರುವುದನ್ನು ಯಾರೂ ನಂಬಬೇಕಾಗಿಲ್ಲ. 900 ರೂಪಾಯಿಯ ಅಳತೆಯ ಸ್ಲೈಡು, ಅಂದರೆ 1 ಮಿ.ಮೀ.ಯನ್ನು ನೂರು ಭಾಗ ಮಾಡಿದ ಗಾಜುಪಟ್ಟಿ, ಇಲ್ಲದೆ ಈ ಉಪಕರಣದ ಯಾವ ಸಂಖ್ಯೆಗೂ ಬೆಲೆಯಿಲ್ಲ. ಸ್ಲೈಡಿನ ಚಿತ್ರವನ್ನು ಪ್ರತಿ ವರ್ಧನೆಯಲ್ಲೂ ಒಮ್ಮೆ ತೆಗೆದು, ಉಚಿತವಾಗಿ ಸಿಗುವ ಇಮೇಜ್‌ಜೆ ತಂತ್ರಾಂಶದಲ್ಲಿ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡೆ.

ಸೂಕ್ಷ್ಮದರ್ಶಕದ ಸುತ್ತ ಇರುವ ಎಲ್‌ಇಡಿ ಬಳೆ ಎಲ್ಲ ಕಡೆಯಿಂದಲೂ ಬೆಳಕು ಚೆಲ್ಲುವುದರಿಂದ ಉಬ್ಬುತಗ್ಗು ಅಳಿಸಿಹೋಗುತ್ತದೆ. ಅದನ್ನು ಆರಿಸಿ, ಓದುವ ದೀಪವನ್ನು ಎಡಮೇಲ್ಗಡೆಯಿಂದ ಮೇಲ್ಮೈಗೆ ಸುಮಾರು 20 ಡಿಗ್ರಿ ಕೋನದಲ್ಲಿ ಇಟ್ಟಾಗ ಮಾತ್ರ ರಂಧ್ರದ ಸುತ್ತಲಿನ ಏಣು ಕಾಣುತ್ತದೆ. ಈ ಒಂದು ಬದಲಾವಣೆಯಿಂದ ಆದ ಉಪಕಾರ ದೊಡ್ಡ ಸೂಕ್ಷ್ಮದರ್ಶಕದಿಂದಲೂ ಆಗುತ್ತಿರಲಿಲ್ಲ.

ಹಂತ 5: ನವಸಾಗರದ ಬಿಳಿ

ಕಂದು ಕಲೆಯಿರುವ ಮೇಲ್ಮೈಯಲ್ಲಿ ಬಣ್ಣವೇ ಕಣ್ಣಿಗೆ ಹೊಡೆಯುತ್ತದೆ, ಆಕಾರ ಹಿಂದೆ ಸರಿಯುತ್ತದೆ. ಚಿತ್ರ ತೆಗೆಯುವ ಮುನ್ನ ಅಮೋನಿಯಂ ಕ್ಲೋರೈಡ್‌ನ ತೆಳು ಬಿಳಿ ಪದರ ಕೂರಿಸುವುದು ಪಳೆಯುಳಿಕೆಯ ಕೆಲಸದಲ್ಲಿ ಬಹಳ ಹಿಂದಿನಿಂದ ನಡೆದುಬಂದ ಕ್ರಮ. ಅದೇ ನವಸಾಗರ. ಚಿಕ್ಕಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಕೇಳಿದಾಗ ‘ಕಲಾಯಿ ಹಾಕೋಕಾ ಸಾರ್?’ ಎಂದು ಕೇಳಿ 100 ಗ್ರಾಂ ಕಟ್ಟಿಕೊಟ್ಟರು, 50 ರೂಪಾಯಿ. ಒಂದು ಚಿಟಿಕೆಯನ್ನು ಗಾಜಿನ ಕೊಳವೆಯಲ್ಲಿ ಹಾಕಿ ಸ್ಪಿರಿಟ್ ದೀಪದಲ್ಲಿ ಕಾಯಿಸಿದರೆ ಅದು ಕರಗದೆ ನೇರವಾಗಿ ಹೊಗೆಯಾಗುತ್ತದೆ, ಆ ಹೊಗೆಯನ್ನು ಮಾದರಿಯ ಮೇಲೆ ಹಾಯಿಸಬೇಕು. ಕಿಟಕಿ ತೆರೆದಿರಲಿ, ಮೂಗಿಗೆ ಬಟ್ಟೆಯಿರಲಿ. ಅಸಿಟೋನ್ ಸೀಸೆ ಆ ಕೋಣೆಯಲ್ಲೇ ಇರಬಾರದು.

ಜುಲೈನಲ್ಲಿ ಮಾಡಿದ ಪ್ರಯತ್ನಗಳೆಲ್ಲ ವ್ಯರ್ಥವಾದವು. ಬಿಳಿ ಪದರ ಗಾಳಿಯ ತೇವವನ್ನು ಹೀರಿ ನೋಡುತ್ತಿದ್ದಂತೆಯೇ ಹನಿಹನಿಯಾಗಿ ಕೂಡಿಕೊಂಡು, ಬೇಕಾದ ರಂಧ್ರಗಳನ್ನೇ ಮುಚ್ಚುತ್ತಿತ್ತು. 350 ರೂಪಾಯಿಯ ತೇವಮಾಪಕ ತಂದಿಟ್ಟ ಮೇಲೆ ತಿಳಿದದ್ದು, ತೇವ 50 ಶೇಕಡಾಗಿಂತ ಕೆಳಗಿದ್ದರೆ ಪದರ ಒಣಗಿ ನಿಲ್ಲುತ್ತದೆ ಎಂದು. ಬೆಂಗಳೂರಿನಲ್ಲಿ ಅದಕ್ಕೆ ಫೆಬ್ರುವರಿ, ಮಾರ್ಚ್ ತಿಂಗಳ ಮಧ್ಯಾಹ್ನಗಳೇ ಸರಿ. ಚಿತ್ರ ತೆಗೆದ ಕೂಡಲೇ ಪದರವನ್ನು ನೀರಿನಿಂದ ಪೂರ್ತಿ ತೊಳೆಯಬೇಕು. ನವಸಾಗರದ ದ್ರಾವಣಕ್ಕೆ ಸ್ವಲ್ಪ ಆಮ್ಲಗುಣವಿದೆ, ಹಾಗೆಯೇ ಬಿಟ್ಟರೆ ಕ್ಯಾಲ್ಸೈಟನ್ನು ತಿನ್ನುತ್ತದೆ.

ಹಂತ 6: ಮೇಲಿನವರು

ದೀರ್ಘ ಕೆಲಸವಾದದ್ದು 62 ಮಿ.ಮೀ. ಎತ್ತರದ ಒಂದು ರಾಫಿಡೊನೀಮ. ಅದರ ಹೊರಮೈಯಲ್ಲಿ ‘ಎ’ ಎಂದು ಗುರುತು ಹಾಕಿದ್ದ, 1.1 ಮಿ.ಮೀ. ದಪ್ಪದ ನುಣುಪು ಕೊಳವೆಯೊಂದು ಸುತ್ತಿ ಸುತ್ತಿ ಗಂಟಾಗಿ ಬಿದ್ದಿತ್ತು. ಸುಣ್ಣದ ಕೊಳವೆ ಕಟ್ಟಿ ಬದುಕುವ ಸರ್ಪುಲಿಡ್ ಹುಳುಗಳ ಕೊಳವೆಗಳು ಸಾಮಾನ್ಯವಾಗಿ ಬುಡದಿಂದ ಬಾಯಿಗೆ ಬರಬರುತ್ತ ಅಗಲವಾಗುತ್ತವೆ, ಬೆನ್ನಿನ ಮೇಲೆ ಏಣು ಅಥವಾ ಅಡ್ಡಗೆರೆಗಳಿರುತ್ತವೆ. ಇದರಲ್ಲಿ ಅವೆರಡೂ ಇಲ್ಲ, ದಪ್ಪ ಉದ್ದಕ್ಕೂ ಒಂದೇ. ಈ ಲಕ್ಷಣಗಳು ಗ್ಲೊಮೆರುಲಕ್ಕೆ ಹೊಂದುತ್ತವೆ. ಅದು ಸರ್ಪುಲಿಡ್‌ಗಳ ನೆಂಟರಾದ ಸಬೆಲಿಡ್ ಹುಳುಗಳ ಗುಂಪಿನದು, ಆ ಗುಂಪಿನಲ್ಲಿ ಸುಣ್ಣದ ಕೊಳವೆ ಕಟ್ಟುವುದೇ ಅಪರೂಪ.

‘ಬಿ’ ಎಂಬುದು 1.5 ಮಿ.ಮೀ. ಅಗಲದ ಸುರುಳಿ. ಸುರುಳಿಯಾದ ಪುಟ್ಟ ಕೊಳವೆ ಕಂಡರೆ ಸ್ಪೈರಾರ್ಬಿಸ್ ಎಂಬ ಹುಳುವಿನ ಹೆಸರು ಬರೆದು ಮುಂದೆ ಹೋಗುವ ರೂಢಿ ಹಳೆಯದು. ಜುರಾಸಿಕ್‌ನ ಮಧ್ಯಭಾಗದವರೆಗೆ ಬದುಕಿದ್ದ ಮೈಕ್ರೊಕಾಂಕಿಡ್‌ಗಳು ಎಂಬ ಬೇರೆಯೇ ಜೀವಿಗಳು ಇದೇ ಆಕಾರದವು ಎಂಬುದರಿಂದ ಹಳೆಯ ಶಿಲೆಗಳಲ್ಲಿ ಆ ರೂಢಿ ಮೋಸ ಮಾಡುತ್ತದೆ. ಜಲ್ಲಿಯಲ್ಲಿ ಜುರಾಸಿಕ್ ಪಳೆಯುಳಿಕೆಗಳು ಬೆರೆತಿರುವುದರಿಂದ ಇಲ್ಲಿಯೂ ಆ ಶಂಕೆ ಏಳಬೇಕಾದದ್ದೇ. ಆದರೆ ನಮ್ಮ ಸುರುಳಿ ಅಂಟಿರುವುದು ಆಪ್ಟಿಯನ್ ಕಾಲದ ಸ್ಪಂಜಿಗೆ. ಆತಿಥೇಯಕ್ಕಿಂತ ಅತಿಥಿ ಹಳೆಯದಾಗಿರಲು ಸಾಧ್ಯವಿಲ್ಲ. ಹಾಗಾಗಿ ಇದನ್ನು ಸುರುಳಿ ಸುತ್ತುವ ಹುಳು ಎಂದೇ ಬರೆದೆ, ಪ್ರಭೇದದ ಹೆಸರಿಲ್ಲದೆ.

ಅತ್ಯಂತ ಹೆಚ್ಚು ಸಮಯ ಹಿಡಿದದ್ದು ‘ಸಿ’ ಮತ್ತು ‘ಡಿ’. 20 ಪಟ್ಟು ವರ್ಧನೆಯಲ್ಲಿ ಎರಡೂ ಒಂದರ ಹಿಂದೊಂದು ಪೋಣಿಸಿದ ಮಣಿಸರದಂತೆ ಕಾಣುತ್ತಿದ್ದವು, ಎರಡೂ ಕವಲೊಡೆದಿದ್ದವು. ಮೊದಲು ಎರಡಕ್ಕೂ ಸ್ಟೊಮಟೊಪೋರ ಎಂಬ ಬ್ರಯೋಜೋವದ ಹೆಸರನ್ನೇ ಬರೆದಿದ್ದೆ. ಓರೆ ಬೆಳಕಿನಲ್ಲಿ ನವಸಾಗರ ಕೂರಿಸಿ ನೋಡಿದಾಗ ‘ಸಿ’ಯ ಪ್ರತಿ ಮಣಿಯ ತುದಿಯಲ್ಲೂ 0.1 ಮಿ.ಮೀ.ನಷ್ಟು ಗುಂಡು ಬಾಯಿ, ಅದರ ಸುತ್ತ ಎದ್ದ ಕಂಠ ಕಂಡಿತು. ಪ್ರತಿ ಮಣಿಯಲ್ಲೂ ಒಂದೊಂದು ಪ್ರಾಣಿ ಇದ್ದು, ಆ ಬಾಯಿಯಿಂದ ಎಳೆಬೆರಳುಗಳನ್ನು ಚಾಚುತ್ತಿತ್ತು. ‘ಸಿ’ಯ ಮೊದಲ ಕವಲಿನ ಕೋನ ಹೆಚ್ಚುಕಡಿಮೆ ನೇರಗೆರೆಯಷ್ಟು ಅಗಲ, ಮುಂದಿನ ಕೋನಗಳು ಕ್ರಮೇಣ ಕಿರಿದು; ಸ್ಟೊಮಟೊಪೋರದ ಲಕ್ಷಣ ಇದೇ. ‘ಡಿ’ಯ ಮಣಿಗಳಲ್ಲಿ ಬಾಯಿ ಎಂಬುದೇ ಇರಲಿಲ್ಲ, ಸುಮಾರು 0.25 ಮಿ.ಮೀ. ಉದ್ದದ ಉಬ್ಬಿದ ಕೋಣೆಗಳನ್ನು ಸಣ್ಣ ಕತ್ತುಗಳು ಕೂಡಿಸಿದ್ದವು. ಅದು ಬ್ರಯೋಜೋವವೇ ಅಲ್ಲ, ಬುಲ್ಲೊಪೋರ ಎಂಬ ಏಕಕೋಶ ಫೊರಾಮಿನಿಫೆರ. ಗೋಡೆಯಲ್ಲಿ ಮರಳಿನ ಕಣಗಳು ಸೇರಿದ್ದರೆ ಪ್ಲಾಕೊಪ್ಸಿಲಿನ ಎನ್ನಬೇಕಾಗುತ್ತಿತ್ತು. ಇದರ ಗೋಡೆ ನುಣುಪಾದ ಕ್ಯಾಲ್ಸೈಟ್. ಮಣಿಸರ ಕಂಡಾಗ ಮಣಿಗೆ ಬಾಯಿ ಇದೆಯೇ ಎಂದು ನೋಡದೆ ಹೆಸರು ಬರೆಯಬಾರದು.

‘ಇ’ ಒಂದು ವೃತ್ತಾಕಾರದ ಬ್ರಯೋಜೋವ ಹಾಳೆ, ಅಡ್ಡಳತೆ 9 ಮಿ.ಮೀ. ಇಂಥವನ್ನೆಲ್ಲ ಹಿಂದೆ ಬೆರೆನೀಸಿಯ ಎಂದು ಕರೆದುಬಿಡುತ್ತಿದ್ದರು, ಈಗ ಅದು ಬರಿಯ ಆಕಾರಸೂಚಕ ಹೆಸರು. ಆಪ್ಟಿಯನ್ ಕಾಲದ ಬ್ರಯೋಜೋವಗಳಲ್ಲಿ ಸೈಕ್ಲೊಸ್ಟೋಮ್ ಗುಂಪಿನವೇ ಬಹುಪಾಲು, ಚೀಲೊಸ್ಟೋಮ್‌ಗಳು ಹಬ್ಬಿದ್ದು ಅನಂತರ. ಹಾಗಾಗಿ ಗುಂಪಿನ ಬಗ್ಗೆ ಗೊಂದಲವಿಲ್ಲ. ಕುಲವನ್ನು ಹೇಳಬೇಕಾದರೆ ಮರಿಗಳನ್ನು ಸಾಕುವ ಉಬ್ಬಿದ ಕೋಣೆಯೊಂದು ಹಾಳೆಯ ಮೇಲೆ ಸಿಗಬೇಕು: ಅದು ಬೆಳವಣಿಗೆಯ ದಿಕ್ಕಿನಲ್ಲಿ ಉದ್ದಕ್ಕಿದ್ದರೆ ರೆಪ್ಟೊಮಲ್ಟಿಸ್ಪಾರ್ಸದ ಕಡೆಗೆ, ಅಡ್ಡಗಲಕ್ಕೆ ಹರಡಿದ್ದರೆ ಪ್ಲೇಜಿಯೀಸಿಯದ ಕಡೆಗೆ ಹೋಗಬೇಕು. ‘ಇ’ಯ ಮೇಲೆ ಆ ಕೋಣೆ ಇಲ್ಲ. ಫ್ಯಾರಿಂಗ್‌ಡನ್‌ನ ಬ್ರಯೋಜೋವಗಳನ್ನು ಪಿಟ್ ಮತ್ತು ಟೇಲರ್ 1990ರಲ್ಲಿ ವಿವರವಾಗಿ ವರ್ಣಿಸಿದ್ದಾರೆ. ಅವರ ವರ್ಣನೆಗಳು ಎಷ್ಟೇ ಚೆನ್ನಾಗಿದ್ದರೂ ಮಾದರಿಯಲ್ಲಿ ಇಲ್ಲದ್ದನ್ನು ಅವುಗಳಿಂದ ತುಂಬಿಕೊಳ್ಳಲಾಗದು. ‘ಇ’ ಬೆರೆನೀಸಿಯ ಆಕಾರದ್ದು ಎಂದೇ ಉಳಿಯಿತು.

ಬಾಯಂಚಿನಲ್ಲಿ ಕೂತಿದ್ದ ಸಿಂಪಿಯ ಚಿಪ್ಪಿನಲ್ಲಿ ಅರ್ಧ ಮಿ.ಮೀ.ಗಿಂತ ಸಣ್ಣ ತೂತುಗಳ ಸಾಲು, ಒಡೆದ ಕಡೆ ಅವು ಒಳಗೆ ಕೋಣೆಗಳಾಗಿ ಕೂಡಿಕೊಳ್ಳುವುದು ಕಾಣುತ್ತದೆ. ಎಂಟೋಬಿಯ ಮಾದರಿಯ ಈ ಕೊರೆತ ಕೊರೆಯುವ ಸ್ಪಂಜುಗಳದ್ದು. ಅಂದರೆ ಸ್ಪಂಜಿನ ಮೇಲೆ ಸಿಂಪಿ, ಸಿಂಪಿಯೊಳಗೆ ಇನ್ನೊಂದು ಸ್ಪಂಜು.

ಹಂತ 7: ಒಳಗಿನವರು

ಗೋಡೆಯಲ್ಲಿ ಕಾಣುವ ತೂತುಗಳಲ್ಲಿ ಸ್ಪಂಜಿನ ಸ್ವಂತ ನೀರಿನ ಕಾಲುವೆಗಳು ಯಾವುವು, ಹೊರಗಿನವರು ಕೊರೆದವು ಯಾವುವು ಎಂಬುದನ್ನು ಮೇಲಿನಿಂದ ನೋಡಿ ಹೇಳಲು ಹೋದರೆ ಊಹೆಯಾಗುತ್ತದೆ. ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆದು ಚೀಟಿಯಿಲ್ಲದ ಒಡಕು ತುಂಡೊಂದನ್ನು ಅಡ್ಡಕ್ಕೆ ಕತ್ತರಿಸಿದೆ. ಟೈಲ್ಸ್ ಕತ್ತರಿಸುವ ಯಂತ್ರದ ವಜ್ರದ ಬಿಲ್ಲೆ ಸುಮಾರು 2 ಮಿ.ಮೀ.ಯನ್ನು ಪುಡಿಯಾಗಿ ತಿಂದುಬಿಡುತ್ತದೆ. ಆದ್ದರಿಂದ ನೋಡಬೇಕಾದ ತೂತಿನ ಪಕ್ಕಕ್ಕೆ ಗೆರೆ ಹಾಕಿ, ಉಳಿದದ್ದನ್ನು ಗಾಜಿನ ಹಲಗೆಯ ಮೇಲೆ 400, 800, 1000 ಸಂಖ್ಯೆಯ ಕಾರ್ಬೊರಂಡಮ್ ಪುಡಿಯಲ್ಲಿ ತೇಯ್ದು ತೂತಿನ ನಡುವಿಗೆ ಬಂದೆ.

ಮುಂದಿನ ಕೆಲಸ ಅಸಿಟೇಟ್ ಹಾಳೆಯ ಮೇಲೆ ಅಚ್ಚು ತೆಗೆಯುವುದು. ತೇಯ್ದ ಮೈಯನ್ನು 5 ಶೇಕಡಾ ಆಮ್ಲದಲ್ಲಿ 15 ಸೆಕೆಂಡು ಅದ್ದಿ, ತೊಳೆದು ಒಣಗಿಸಿ, ಅಸಿಟೋನ್ ಸುರಿದು ಮೇಲೆ ಹಾಳೆಯನ್ನು ಒಂದು ಅಂಚಿನಿಂದ ಇಳಿಬಿಡಬೇಕು. ಅರ್ಧ ಗಂಟೆಯ ಮೇಲೆ ಸುಲಿದು ತೆಗೆದರೆ ಒಳರಚನೆಯೆಲ್ಲ ಹಾಳೆಯ ಮೇಲೆ ಬಂದಿರುತ್ತದೆ. ಸ್ಟೇಷನರಿ ಅಂಗಡಿಯಿಂದ ತಂದ ಓಎಚ್‌ಪಿ ಹಾಳೆಗಳಲ್ಲಿ ಎಷ್ಟು ಪ್ರಯತ್ನಿಸಿದರೂ ಏನೂ ಬರಲಿಲ್ಲ. ಅವು ಪಾಲಿಯೆಸ್ಟರ್, ಅಸಿಟೋನ್‌ಗೆ ಕರಗುವುದೇ ಇಲ್ಲ. ಸರಿಯಾದ ಸೆಲ್ಯುಲೋಸ್ ಅಸಿಟೇಟ್ ಹಾಳೆಯನ್ನು ಪ್ರಯೋಗಾಲಯದ ಸಾಮಗ್ರಿ ಮಾರುವವರಿಂದ 1,150 ರೂಪಾಯಿಗೆ ತರಿಸಬೇಕಾಯಿತು. ಕೊಳ್ಳುವ ಮೊದಲು ಮೂಲೆಗೆ ಒಂದು ಹನಿ ಅಸಿಟೋನ್ ಬಿಟ್ಟು ಬೆರಳಿಗೆ ಅಂಟುತ್ತದೆಯೇ ಎಂದು ನೋಡಿದರೆ ಸಾಕು.

ಅಚ್ಚಿನಲ್ಲಿ ಮೂರು ತೂತುಗಳು ಕಂಡವು. ಮೊದಲನೆಯದು ಹೂಜಿಯ ಆಕಾರದ್ದು: ಉದ್ದ 7 ಮಿ.ಮೀ., ಹೊಟ್ಟೆ 4 ಮಿ.ಮೀ., ಕತ್ತು 1.5 ಮಿ.ಮೀ. ಅದರ ಅಂಚಿಗೆ ಬಂದ ಸ್ಪಂಜಿನ ತಂತುಗಳೆಲ್ಲ ಚಾಕುವಿನಿಂದ ಕೊಯ್ದಂತೆ ಅಲ್ಲೇ ನಿಂತಿವೆ. ಇದು ಎರಡು ಚಿಪ್ಪಿನ ಮೃದ್ವಂಗಿ ಕೊರೆದ ತೂತು, ತೂತಿಗೆ ಕೊಡುವ ಹೆಸರು ಗ್ಯಾಸ್ಟ್ರೊಕೀನೊಲೈಟಿಸ್. ಒಳಗೆ ಎರಡು ಚಿಪ್ಪಿನ ಪ್ರಾಣಿಯೊಂದು ಇದೆ ಎಂದ ಮಾತ್ರಕ್ಕೆ ಕೊರೆದದ್ದು ಅದೇ ಎನ್ನಲಾಗದು. ಅದರ ಅಗಲ 2 ಮಿ.ಮೀ. ಮಾತ್ರ, ಆಕಾರ ತೂತಿಗೆ ಹೊಂದುವುದಿಲ್ಲ, ಓರೆಯಾಗಿ ಬಿದ್ದಿದೆ. ಕೊರೆದವನು ಹೋದ ಮೇಲೆ ಖಾಲಿ ಮನೆಗೆ ಬಂದ ಬಾಡಿಗೆದಾರ ಇದು. ತೂತಿನ ಅರ್ಧಭಾಗವನ್ನು ನುಣುಪು ಕೆಸರು ತುಂಬಿದೆ, ಉಳಿದರ್ಧದಲ್ಲಿ ತಿಳಿ ಕ್ಯಾಲ್ಸೈಟ್ ಹರಳುಗಳಿವೆ. ಕೆಸರಿನ ಮೇಲ್ಮಟ್ಟ ಆಗಿನ ಸಮತಲವನ್ನು ತೋರಿಸುತ್ತದೆ, ಅದಕ್ಕೆ ಹೋಲಿಸಿದರೆ ಲೋಟದ ಗೋಡೆ ಹೆಚ್ಚುಕಡಿಮೆ ಮಲಗಿದೆ. ಸ್ಪಂಜು ಉರುಳಿಬಿದ್ದ ಮೇಲೆ ಕೆಸರು ತುಂಬಿತು ಎಂಬುದು ಇದರಿಂದ ಖಚಿತ.

ಎರಡನೆಯದು 0.8 ಮಿ.ಮೀ.ನ ಗುಂಡು ತೂತು. ಅದಕ್ಕೆ ಪದರಪದರವಾದ ಸ್ವಂತ ಗೋಡೆಯಿದೆ, ಸುತ್ತಲಿನ ತಂತುಗಳು ಒಂದೂ ಕಡಿಯದೆ ಅದನ್ನು ಬಳಸಿಕೊಂಡು ಬಾಗಿವೆ, ಹೊರಬದಿಯಲ್ಲಿ ಅವು ಇನ್ನಷ್ಟು ಒತ್ತಾಗಿವೆ. ಸರ್ಪುಲಿಡ್ ಹುಳು ಬದುಕಿದ್ದ ಸ್ಪಂಜಿನ ಮೇಲೆ ಕೂತು, ಸ್ಪಂಜು ಅದನ್ನು ಸುತ್ತುವರಿದು ಬೆಳೆದಿದೆ.

ಮೂರನೆಯದರಲ್ಲಿ ತಂತುಗಳು ಬಾಗಿವೆ, ಆದರೆ ಸ್ವಂತ ಗೋಡೆಯಿಲ್ಲ. ಸ್ಪಂಜಿನ ಕಾಲುವೆಯಾದರೂ ಆಗಿರಬಹುದು, ಚಿಪ್ಪಿಲ್ಲದ ಮೃದು ಹುಳುವೊಂದರ ಜಾಗವಾದರೂ ಆಗಿರಬಹುದು. ಇದೇ ಅಂತರದಲ್ಲಿ ಇಂಥವು ಗೋಡೆಯುದ್ದಕ್ಕೂ ಮರುಕಳಿಸಿದ್ದರೆ ಕಾಲುವೆ ಎನ್ನುತ್ತಿದ್ದೆ, ಇದು ಒಂಟಿಯಾಗಿದೆ. ‘ನಿರ್ಧಾರವಾಗಿಲ್ಲ’ ಎಂದು ಬರೆದಿದ್ದೇನೆ.

ಹಂತ 8: ಚೀಟಿ ಮತ್ತು ಬಾಕಿ ಕೆಲಸ

ಪ್ರತಿ ಚೀಟಿಯಲ್ಲೂ ಈಗ ಮೂರು ಅಂಕಣಗಳಿವೆ: ಯಾವ ಮಟ್ಟದವರೆಗೆ ಗುರುತಿಸಲಾಗಿದೆ, ಸ್ಪಂಜಿನ ಯಾವ ಜಾಗದಲ್ಲಿದೆ, ಅಂಚು ಎಂಥದ್ದು. ಮೂರನೆಯ ಅಂಕಣದಲ್ಲಿ ಅಂಟಿದ್ದು, ಕಡಿದದ್ದು, ಬಳಸಿ ಬೆಳೆದದ್ದು ಎಂಬ ಮೂರರಲ್ಲಿ ಒಂದಿರಬೇಕು. ಗೊತ್ತಿಲ್ಲದಿದ್ದರೆ ಖಾಲಿ ಬಿಡಬೇಕು. ರಾಸಾಯನಿಕ, ಪುಡಿ, ಗಾಜು ಎಲ್ಲ ಸೇರಿ ಒಟ್ಟು ಖರ್ಚು ಏಳೂವರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನಿಂತಿತು.

ಬರೋಯ್ಸಿಯಗಳ ಒಳಕೋಣೆಗಳಲ್ಲಿ ಏನಿದೆ ಎಂಬುದು ಬಾಕಿಯಿದೆ. ಅವು ಪೂರ್ಣ ಮಾದರಿಗಳಾದ್ದರಿಂದ ಕತ್ತರಿಸಲು ಒಪ್ಪಿಗೆ ಸಿಕ್ಕಿಲ್ಲ, ಸಿಗಬಾರದು ಕೂಡ. ಕತ್ತರಿಸದೆ ಎಕ್ಸ್‌ರೇಯಿಂದ ಒಳಗನ್ನು ತೋರಿಸುವ ಮೈಕ್ರೋ ಸಿಟಿ ಸ್ಕ್ಯಾನ್ ಮಾಡಿಸುವ ಆಲೋಚನೆಯಿದೆ. ಕೋಣೆಗಳಲ್ಲಿ ಕೆಸರು ತುಂಬಿದ್ದರೆ ಅದರಲ್ಲಿ ಏನಾದರೂ ಕಂಡೀತು. ಕ್ಯಾಲ್ಸೈಟ್ ಹರಳುಗಳೇ ತುಂಬಿದ್ದರೆ, ತಂತುವೂ ಕ್ಯಾಲ್ಸೈಟ್ ತುಂಬಿದ್ದೂ ಕ್ಯಾಲ್ಸೈಟ್ ಆಗಿ, ಎಕ್ಸ್‌ರೇಗೆ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಆದ್ದರಿಂದ ಮೊದಲು ಒಡೆದ ಬಾಯಿಗಳ ಮೂಲಕ ಯಾವ ಮಾದರಿಯಲ್ಲಿ ಕೆಸರಿದೆ ಎಂದು ಪಟ್ಟಿ ಮಾಡಿ, ಅಂಥದ್ದನ್ನು ಮಾತ್ರ ಸ್ಕ್ಯಾನ್‌ಗೆ ಕಳುಹಿಸಲಿದ್ದೇನೆ.